ಷೇಕರ್ ಪಂಥದವರ ಮರಗೆಲಸ ಮತ್ತು ಸ್ವಭಾವೋಕ್ತಿಯ ವಿಚಾರ

೧

ಸ್ವಭಾವೋಕ್ತಿಯು ಅಲಂಕಾರವೇ, ಅಲಂಕಾರ್ಯವೇ ಎಂಬ ಪ್ರಶ್ನೆ ಲಕ್ಷಣಗ್ರಂಥಗಳನ್ನು ಓದಿದವರಿಗೆಲ್ಲ ಪರಿಚಿತವಾದುದು. ಭಾಮಹನು ಅದನ್ನು ಅಲಂಕಾರವೆಂದು ಕೆಲವರು ಹೇಳುವರೆಂದಷ್ಟೇ ತಿಳಿಸಿದನು. ದಂಡಿಯು ಅದಕ್ಕೆ ಜಾತಿಯೆಂಬ ಇನ್ನೊಂದು ಹೆಸರನ್ನೂ ಹೇಳಿ, ಅರ್ಥಾಲಂಕಾರಗಳ ಸಾಲಿನಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟನು. ಕುಂತಕನು ಇದನ್ನು ಒಪ್ಪದೆ, ವಸ್ತುವಿನ ಸ್ವಭಾವವು ಅಲಂಕಾರವನ್ನು ಧರಿಸತಕ್ಕ ಶರೀರವೇ ಹೊರತು ತಾನೇ ಅಲಂಕಾರವಾಗಲಾರದೆಂದು ವಾದಿಸಿದನು. ಮಾತಿನ ಕಲೆಯಲ್ಲಿ ಹುಟ್ಟಿದ ಈ ಪ್ರಶ್ನೆ ಕೈಗೆಲಸದ ಕಲೆಗಳಲ್ಲಿಯೂ ಏಳುವುದುಂಟು. ಯಾವ ಕುಸುರಿಯೂ ಇಲ್ಲದ ವಸ್ತುವೊಂದನ್ನು ಕಂಡು ನೋಡುವವನ ಮನಸ್ಸು ಒಲಿದರೆ, ಆ ಮೆಚ್ಚಿಕೆ ವಸ್ತುವಿನ ಸ್ವಭಾವಕ್ಕೆ ಸಂದುದೋ, ನಿರಾಭರಣತೆಯೆಂಬ ಹೊಸದೊಂದು ಆಭರಣಕ್ಕೆ ಸಂದುದೋ? ಅಮೆರಿಕದ ಷೇಕರ್ ಪಂಥದವರು ಮಾಡಿದ ಮರದ ಸಾಮಾನುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳುವುದು ಅವಶ್ಯವಾಗಿದೆ. ಅವುಗಳನ್ನು ಕುರಿತ ವಿಮರ್ಶೆಯು ಬಹುಕಾಲ ‘ಸರಳತೆ’ ಎಂಬ ಒಂದೇ ಮಾತಿನಲ್ಲಿ ತೃಪ್ತಿಪಟ್ಟುಕೊಂಡಿತು. ಆ ತೃಪ್ತಿಯಿಂದ ಸಾಮಾನುಗಳಿಗೂ ಅವನ್ನು ಮಾಡಿದವರಿಗೂ ಅನ್ಯಾಯವಾಯಿತೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಷೇಕರೆಂಬುದು ಹೊರಗಿನವರು ಕೊಟ್ಟ ಹೆಸರು. ಆರಾಧನೆಯ ಆವೇಶದಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದುದರಿಂದ ಈ ಹೆಸರು ಬಂದಿತು. ಪಂಥದ ಮೂಲವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ. ಅಲ್ಲಿ ೧೭೩೬ರಲ್ಲಿ ಕಮ್ಮಾರನೊಬ್ಬನ ಮಗಳಾಗಿ ಹುಟ್ಟಿದ ಆನ್ ಲೀ ಎಂಬಾಕೆ ಓದುಬರಹವರಿಯದವಳು. ಹೆತ್ತ ನಾಲ್ಕು ಮಕ್ಕಳನ್ನೂ ಕಳೆದುಕೊಂಡವಳು. ೧೭೭೪ರಲ್ಲಿ ಆಕೆ ಎಂಟು ಮಂದಿ ಅನುಯಾಯಿಗಳೊಡನೆ ಅಮೆರಿಕಕ್ಕೆ ಬಂದಳು. ೧೭೮೪ರಲ್ಲಿ ಆಕೆ ತೀರಿಕೊಂಡ ಮೇಲೆ ಜೋಸೆಫ್ ಮೀಚಮ್ ಮತ್ತು ಲೂಸಿ ರೈಟ್ ಎಂಬ ಇಬ್ಬರು ಪಂಥಕ್ಕೆ ವ್ಯವಸ್ಥಿತವಾದ ರೂಪವನ್ನು ಕೊಟ್ಟರು. ಬ್ರಹ್ಮಚರ್ಯ, ಆಸ್ತಿಯ ಸಾಮುದಾಯಿಕತೆ, ಪಾಪನಿವೇದನೆ, ಸ್ತ್ರೀಪುರುಷರ ಸಮಾನತೆ, ಲೋಕದಿಂದ ಪ್ರತ್ಯೇಕವಾಗಿ ಬಾಳುವುದು, ಇವು ಅವರ ಆಚಾರಗಳು. ನ್ಯೂಯಾರ್ಕ್ ಪ್ರಾಂತದ ನ್ಯೂ ಲೆಬನನ್ ಅವರಿಗೆ ಕೇಂದ್ರವಾಯಿತು. ೧೯ನೆಯ ಶತಮಾನದ ನಡುಗಾಲಕ್ಕೆ ಮೇಯ್ನ್ ಪ್ರಾಂತದಿಂದ ಕೆಂಟಕಿಯವರೆಗೆ ಹರಡಿದ ಅವರ ನೆಲೆಗಳಲ್ಲಿ ಕೆಲವು ಸಾವಿರ ಮಂದಿ ಬಾಳುತ್ತಿದ್ದರು. ಮದುವೆಯಿಲ್ಲದ ಪಂಥವಾದುದರಿಂದ ಹೊರಗಿನಿಂದ ಜನ ಬಂದು ಸೇರಿದಷ್ಟು ಕಾಲ ಬೆಳೆದು, ಬರುವುದು ನಿಂತಂತೆಲ್ಲ ಕ್ಷೀಣಿಸಿತು. ಇಂದು ಮೇಯ್ನ್ ಪ್ರಾಂತದ ಸಬ್ಬತ್‌ಡೇ ಲೇಕ್ ಎಂಬ ಒಂದೇ ನೆಲೆಯಲ್ಲಿ ಬೆರಳೆಣಿಕೆಯ ಜನ ಉಳಿದಿದ್ದಾರೆ.

೨

ಈ ಪಂಥದಲ್ಲಿ ಮರಗೆಲಸವು ಆರಾಧನೆಯಿಂದ ಬೇರೆಯಾದ ಉದ್ಯೋಗವಾಗಿರಲಿಲ್ಲ. ಸಂಘದ ಬಳಕೆಗೆ ಮಾಡುವ ಪದಾರ್ಥವು ಗಟ್ಟಿಯಾಗಿರಬೇಕು, ಅದರಲ್ಲಿ ಅತಿಶಯವಾದುದೇನೂ ಇರಬಾರದು ಎಂಬ ಭಾವನೆ ಮೀಚಮನ ಕಾಲದಿಂದಲೇ ಬೇರೂರಿತ್ತು. ೧೮೨೧ರಲ್ಲಿ ಬರೆಹಕ್ಕಿಳಿದು ೧೮೪೫ರಲ್ಲಿ ಬಹಳ ವಿಸ್ತಾರವಾದ ನಿಯಮಾವಳಿಯಲ್ಲಿ ಇದು ಸ್ಪಷ್ಟವಾದ ಶಾಸನವೇ ಆಯಿತು. ಬರಿಯ ಅಂದಕ್ಕಾಗಿ ಅಂಚುಪಟ್ಟಿಗಳನ್ನೂ ಉಬ್ಬುಗೆರೆಗಳನ್ನೂ ಕೆತ್ತಕೂಡದು. ಮಲಗುವ ಕೊಠಡಿಯ ಕನ್ನಡಿ ೧೮ ಅಂಗುಲ ಉದ್ದ, ೧೨ ಅಂಗುಲ ಅಗಲವನ್ನು ಮೀರಕೂಡದು. ವೃದ್ಧರಿರುವ ಕಡೆ ಹೊರತು ಕೊಠಡಿಗೆ ಒಂದು ತೂಗುಕುರ್ಚಿ ಸಾಕು. ಮಂಚಗಳಿಗೆ ಹಸಿರು ಬಣ್ಣ ಬಳಿಯಬೇಕು, ಇತ್ಯಾದಿ. ಈ ವಿಧಿಗಳನ್ನು ಓದುವಾಗ ಒಂದು ಸಂಗತಿಯನ್ನು ಮರೆಯಬಾರದು. ಸೌಂದರ್ಯವೆಂದರೆ ಇಂಥದು, ಸರಳತೆಯಿಂದ ಅದು ಸಿದ್ಧಿಸುವುದು ಎಂಬ ತತ್ತ್ವವು ಇಲ್ಲಿ ಎಲ್ಲಿಯೂ ಇಲ್ಲ. ಇರುವುದು ಅಹಂಕಾರನಿಗ್ರಹ, ಸಮಾನತೆ, ಅಚ್ಚುಕಟ್ಟು ಇವುಗಳಿಗೆ ಸಂಬಂಧಿಸಿದ ಆಜ್ಞೆಗಳು. ಪಂಥದ ಹಿರಿಯರಲ್ಲೊಬ್ಬನಾದ ಫ್ರೆಡರಿಕ್ ಇವಾನ್ಸನು ಚಾರ್ಲ್ಸ್ ನಾರ್ಡಾಫನೊಡನೆ ಆಡಿದ ಮಾತುಗಳು ೧೮೭೫ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸೇರಿವೆ. ಹೊಸದಾಗಿ ಕಟ್ಟಿಸುವುದಾದರೆ ಬೆಳಕು, ಸಮವಾದ ಶಾಖ, ಆರೋಗ್ಯಕ್ಕೆ ಅನುಕೂಲ ಇವನ್ನು ಹೆಚ್ಚಿಸುವೆನೇ ಹೊರತು ಶಿಲ್ಪದ ಚೆಲುವನ್ನು ಅರಸುವುದಿಲ್ಲವೆಂಬುದು ಅವನ ಅಭಿಪ್ರಾಯ. ೧೮೪೨ರಲ್ಲಿ ನ್ಯೂ ಲೆಬನನ್ನಿಗೆ ಬಂದಿದ್ದ ಡಿಕನ್ಸನಿಗೆ ಅಲ್ಲಿನ ಕೊಠಡಿಯಲ್ಲಿ ಕಂಡುದೆಲ್ಲ ಬಿಗುಮುಖದ ನೀರಸತೆಯೇ. ಮಾಡಿದವರು ಚೆಲುವನ್ನು ಬಯಸಲಿಲ್ಲ. ಅಂದು ನೋಡಿದ ರಸಿಕನು ಅದನ್ನು ಕಾಣಲಿಲ್ಲ. ಹಾಗಾದರೆ ಒಂದು ಶತಮಾನ ಕಳೆದಮೇಲೆ ಎಲ್ಲರ ಕಣ್ಣಿಗೂ ಬಿದ್ದ ಚೆಲುವು ಎಲ್ಲಿಂದ ಬಂದಿತು?

ಇದಕ್ಕೆ ಉತ್ತರವನ್ನು ವಸ್ತುಗಳಲ್ಲಿಯೇ ಹುಡುಕಬೇಕು. ಅವರ ಅಂಡಾಕಾರದ ಮುಚ್ಚಳಪೆಟ್ಟಿಗೆಯನ್ನು ಮೊದಲು ನೋಡಬಹುದು. ಮೇಪಲ್ ಮರದ ತೆಳುಪಟ್ಟಿಯನ್ನು ಬಿಸಿ ಹಬೆಯಲ್ಲಿ ಮೆದುಮಾಡಿ ಅಚ್ಚಿನ ಸುತ್ತ ಬಗ್ಗಿಸಿ, ತಳಕ್ಕೂ ಮುಚ್ಚಳಕ್ಕೂ ಪೈನ್ ಮರದ ಹಲಗೆಯನ್ನು ಕೂಡಿಸುವರು. ಪಟ್ಟಿಯ ಕೊನೆಯನ್ನು ನೇರವಾಗಿ ಕತ್ತರಿಸದೆ ಬೆರಳುಗಳಂತೆ ಕವಲೊಡೆಸಿ, ತಾಮ್ರದ ಸಣ್ಣ ಮೊಳೆಗಳಿಂದ ಬಿಗಿಯುವರು. ನೋಡುವವರು ಮೊದಲು ಮೆಚ್ಚುವುದು ಈ ಬೆರಳುಗಳನ್ನೇ. ಆದರೆ ಅವು ಚಿತ್ರವಲ್ಲ. ಮರವು ಮಳೆಗಾಲದಲ್ಲಿ ಉಬ್ಬುವುದು, ಒಣಹವೆಯಲ್ಲಿ ಕುಗ್ಗುವುದು. ಕೊನೆಯು ಅಖಂಡವಾಗಿದ್ದರೆ ಕೂಡುಗೆಯ ಬಳಿ ಅದು ಸೊಟ್ಟಗಾಗುವುದು, ಇಲ್ಲವೆ ಸೀಳುವುದು. ಬೆರಳುಗಳ ನಡುವೆ ಎಡೆಯಿರುವುದರಿಂದ ಅದಕ್ಕೆ ಅಲುಗಾಡಲು ಅವಕಾಶವಾಗುತ್ತದೆ. ತಾಮ್ರದ ಮೊಳೆಯು ಕಬ್ಬಿಣದಂತೆ ತುಕ್ಕು ಹಿಡಿದು ಮರವನ್ನು ಕಲೆಮಾಡುವುದಿಲ್ಲ. ಕಣ್ಣಿಗೆ ಅಲಂಕಾರವೆಂದು ತೋರುವುದು ಇಲ್ಲಿ ಮರದ ಸ್ವಭಾವವನ್ನು ಅರಿತವನು ಅದಕ್ಕೆ ಕೊಟ್ಟ ಮರ್ಯಾದೆಯಾಗಿದೆ.

ಬೆನ್ನಿಗೆ ಅಡ್ಡಪಟ್ಟಿಗಳುಳ್ಳ ಅವರ ಕುರ್ಚಿಯೂ ಇಂಥದೇ. ಎರಡು ಹಿಂಗಾಲುಗಳು ಮೇಲಕ್ಕೆ ಬೆಳೆದು ಬೆನ್ನಿನ ಕಂಬಗಳಾಗುವುವು. ಅವುಗಳ ನಡುವೆ ತುಸು ಬಾಗಿದ ಮೂರು ಪಟ್ಟಿಗಳು. ಕೂರುವೆಡೆಯಲ್ಲಿ ಬಣ್ಣದ ಬಟ್ಟೆಪಟ್ಟಿಯ ಹೆಣಿಗೆ. ಕೊಠಡಿಯ ಗೋಡೆಗಳ ಸುತ್ತಲೂ ಗೂಟಗಳ ಸಾಲಿರುವುದು. ನೆಲ ಗುಡಿಸುವಾಗ ಕುರ್ಚಿಗಳನ್ನು ಎತ್ತಿ ಅದಕ್ಕೆ ತೂಗುಹಾಕುವರು. ಹಾಗೆ ಎತ್ತಬೇಕಾದುದರಿಂದ ಕುರ್ಚಿ ಹಗುರವಾಗಿರಬೇಕು. ಹಗುರವಾಗಿರಬೇಕಾದುದರಿಂದ ಮರವು ತೆಳುವಾಗಿರಬೇಕು. ತೆಳುವಾಗಿಯೂ ಮುರಿಯದಿರಬೇಕಾದರೆ ಕೂಡುಗೆಗಳಲ್ಲಿ ಲೋಪವಿರಕೂಡದು. ಇಂದು ‘ಲಾಲಿತ್ಯ’ವೆಂದು ಹೊಗಳುವ ಗುಣವು ಕಸಪೊರಕೆಯಿಂದ ಹುಟ್ಟಿತೆಂದರೆ ಅತ್ಯುಕ್ತಿಯಲ್ಲ. ಹಿಂದಕ್ಕೆ ಒರಗಿ ಕೂರುವವರ ಭಾರದಿಂದ ನೆಲಕ್ಕೆ ಗಾಯವಾಗದಂತೆ ಹಿಂಗಾಲುಗಳ ತುದಿಯಲ್ಲಿ ತಿರುಗುವ ಗುಂಡನ್ನು ಅಳವಡಿಸುವ ಉಪಾಯವೂ ಅವರಲ್ಲಿತ್ತು. ಅದನ್ನು ಲೋಹದಲ್ಲಿ ಮಾಡುವ ಕ್ರಮಕ್ಕೆ ನ್ಯೂ ಲೆಬನನ್ನಿನ ಜಾರ್ಜ್ ಓಡಾನೆಲ್ ೧೮೫೨ರಲ್ಲಿ ಸರ್ಕಾರದಿಂದ ಹಕ್ಕುಪತ್ರವನ್ನು ಪಡೆದನು. ಒರಗಿ ಕೂರುವ ಸುಖವನ್ನು ಈ ವೈರಾಗ್ಯಶಾಲಿಗಳು ನಿಷೇಧಿಸಲಿಲ್ಲ. ಅದರಿಂದ ನೆಲ ಕೆಡದಂತೆ ನೋಡಿಕೊಂಡರು.

ಆದರೆ ಕಂಬಗಳ ತುದಿಯಲ್ಲಿ ಕಡೆದು ನಿಲ್ಲಿಸಿದ ಮೊಗ್ಗನ್ನು ಏನೆನ್ನಬೇಕು? ಎತ್ತುವಾಗ ಹಿಡಿಗೆ ಅನುಕೂಲವೆಂದು ಹೇಳಬಹುದು. ಆದರೆ ಅಷ್ಟಕ್ಕೆ ಗುಂಡುತುದಿಯೇ ಸಾಕಾಗಿತ್ತು. ಒಂದೊಂದು ನೆಲೆಯ ಮೊಗ್ಗಿನ ಆಕಾರವೂ ಒಂದೊಂದು ಬಗೆ. ಇಂದಿನ ವಿದ್ವಾಂಸರು ಕುರ್ಚಿಯ ಊರನ್ನು ಗುರುತಿಸುವುದಕ್ಕೆ ಅದೂ ಒಂದು ಆಧಾರ. ವಿಧಿಯು ಬಿಟ್ಟುಕೊಟ್ಟ ಎರಡಂಗುಲ ಮರದಲ್ಲಿ ಕಡೆಯುವವನ ಕೈ ತನ್ನ ಇಷ್ಟವನ್ನು ತೋರಿಸಿತು. ಎಲ್ಲವೂ ಉಪಯೋಗದಿಂದಲೇ ಹುಟ್ಟಿತೆಂಬ ವಾದವು ಈ ಮೊಗ್ಗಿನ ಮುಂದೆ ನಿಲ್ಲಲಾರದು.

೩

ಮಾಡಿದವರ ವಿಷಯಕ್ಕೆ ಬಂದರೆ ಕಷ್ಟವು ಇನ್ನೂ ಹೆಚ್ಚು. ಮುಂದಿನವರು ತನ್ನ ಕೈಗೆಲಸವನ್ನು ಗುರುತಿಸಲೆಂದು ಯಾರೂ ವಸ್ತುವಿನ ಮೇಲೆ ಹೆಸರನ್ನು ಬರೆಯಕೂಡದೆಂದು ೧೮೪೫ರ ನಿಯಮಾವಳಿ ವಿಧಿಸಿತು. ಈ ವಿಧಿಯನ್ನು ಓದಿದ ವಿಮರ್ಶಕರು ಷೇಕರ್ ಬಡಗಿಯನ್ನು ಹೆಸರಿಲ್ಲದ, ಮುಖವಿಲ್ಲದ, ಸಂಘದಲ್ಲಿ ಕರಗಿಹೋದ ವ್ಯಕ್ತಿಯೆಂದು ಚಿತ್ರಿಸಿದರು. ಆದರೆ ನಿಷೇಧವಿದ್ದಲ್ಲಿ ಉಲ್ಲಂಘನೆಯೂ ಇರುವುದು ಸಹಜ. ಯಾರೂ ಬರೆಯದೆ ಇದ್ದಿದ್ದರೆ ಬರೆಯಬಾರದೆಂದು ವಿಧಿಸಬೇಕಾದ ಅಗತ್ಯವೇನಿತ್ತು? ವಾಟರ್‌ವ್ಲಿಯಟ್ ನೆಲೆಯ ಫ್ರೀಗಿಫ್ಟ್ ವೆಲ್ಸ್ ಕುರ್ಚಿಯ ಕಾಲಿಗೆ ತನ್ನ ಹೆಸರಿನ ಮೊದಲಕ್ಷರಗಳನ್ನು ಒತ್ತಿದನು; ಆತನು ಹಿರಿಯನ ಪದವಿಗೇರಿದವನು. ನ್ಯೂ ಲೆಬನನ್ನಿನ ಐಸಾಕ್ ನ್ಯೂಟನ್ ಯಂಗ್ಸ್ ದರ್ಜಿ, ಲಿಪಿಕಾರ, ಗಡಿಯಾರ ಮಾಡುವವನು. ೧೮೪೦ರಲ್ಲಿ ಮಾಡಿದ ಗೋಡೆಗಡಿಯಾರದಲ್ಲಿ ಆತನು ಹೆಸರನ್ನೂ ದಿನವನ್ನೂ ಬರೆದಿಟ್ಟನು.

ಇವೆಲ್ಲಕ್ಕಿಂತ ಮನಸ್ಸನ್ನು ಮುಟ್ಟುವುದು ಖಾನೆಗಳುಳ್ಳ ಒಂದು ಪೆಟ್ಟಿಗೆಯಲ್ಲಿ ದೊರೆತ ಬರೆಹ. ಅದನ್ನು ಹಿರಿಯನಾದ ಗ್ರೋವ್ ರೈಟ್ ಮತ್ತು ಸೋದರ ಥಾಮಸ್ ಫಿಶರ್ ಎಂಬವರು ಮಾಡಿ, ೧೮೫೩ರ ಜನವರಿಯ ಒಂದು ಗುರುವಾರ ಅದರ ಸ್ಥಾನದಲ್ಲಿ ಇರಿಸಿದರು. ಅಂದು ಹಿರಿಯರ ಮಂಡಲಿಯು ಹ್ಯಾಂಕಾಕಿಗೆ ಹಿಂದಿರುಗಬೇಕಾಗಿದ್ದಿತು. ಹಿಮದ ಬಿರುಗಾಳಿಯಿಂದ ಪ್ರಯಾಣ ನಿಂತು ನಿರಾಶೆಯಾಯಿತು. ಇಷ್ಟೇ ಅದರ ಸಾರಾಂಶ. ನಿಯಮವು ಹೊರಬಿದ್ದು ಎಂಟು ವರ್ಷಗಳಾಗಿದ್ದುವು. ಬರೆದವರೋ ನಿಯಮವನ್ನು ನಡೆಸಬೇಕಾದ ಮಂಡಲಿಗೆ ಸೇರಿದವರು. ಈ ಬರೆಹದಲ್ಲಿ ಕೀರ್ತಿಯ ಆಸೆಯಿಲ್ಲ. ಹೊರಗೆ ಹಿಮ ಬೀಳುತ್ತಿರುವಾಗ ಮುಗಿದ ಕೆಲಸವನ್ನು ನೋಡುತ್ತ ನಿಂತವರ ಒಂದು ದಿನದ ನೆನಪಿದೆ. ಅದನ್ನು ವಿಧಿಯ ಉಲ್ಲಂಘನೆಯೆಂದು ಎಣಿಸುವುದು ಸುಲಭ. ಶಿಲ್ಪಿಯ ಅಂಕಿತವೆಂದು ಹೊಗಳುವುದು ಇನ್ನೂ ಸುಲಭ. ಎರಡೂ ಅದಕ್ಕೆ ತಕ್ಕ ಮಾತಲ್ಲ. ಸಂಘಕ್ಕೆ ಅರ್ಪಿತವಾದ ಮೇಲೆಯೂ ಮನುಷ್ಯನಲ್ಲಿ ಉಳಿಯುವ ‘ತಾನು’ ಎಂಬುದಕ್ಕೆ ಅದು ಸಾಕ್ಷಿ.

೪

ಷೇಕರ್ ಸಾಮಾನೆಂದರೆ ಯಂತ್ರಸ್ಪರ್ಶವಿಲ್ಲದ ಕೈಗೆಲಸವೆಂಬ ಮಾತು ರೂಢಿಯಾಗಿದೆ. ಇದು ಪರೀಕ್ಷೆಗೆ ನಿಲ್ಲತಕ್ಕದ್ದಲ್ಲ. ನೀರಿನ ಬಲದಿಂದ ನಡೆಯುವ ಗರಗಸ, ಕೀಸುವ ಯಂತ್ರ, ಕಡೆಯುವ ಯಂತ್ರ ಇವನ್ನೆಲ್ಲ ಅವರು ಸಂಕೋಚವಿಲ್ಲದೆ ಬಳಸಿದರು. ಶ್ರಮವು ಅವರಿಗೆ ಪವಿತ್ರವಾಗಿತ್ತು, ವ್ಯರ್ಥಶ್ರಮವಲ್ಲ. ಹ್ಯಾಂಕಾಕಿನಲ್ಲಿ ೧೮೩೦ರಲ್ಲಿ ಕಟ್ಟಿದ ಇಟ್ಟಿಗೆಯ ವಾಸಗೃಹದಲ್ಲಿ ಗೋಡೆಗೇ ಸೇರಿಸಿದ ಖಾನೆಗಳು ೩೬೯. ಇಂಥ ಕೆಲಸವನ್ನು ಏಕಾಂಗಿಯ ಉಳಿಯೊಂದರಿಂದ ನಡೆದ ತಪಸ್ಸೆಂದು ಕಲ್ಪಿಸುವುದು ಕಾವ್ಯ, ಚರಿತ್ರೆಯಲ್ಲ.

ವ್ಯಾಪಾರವೂ ಅವರಿಗೆ ನಿಷಿದ್ಧವಾಗಿರಲಿಲ್ಲ. ಆ ಹೊತ್ತಿಗೆ ಮೌಂಟ್ ಲೆಬನನ್ ಎಂದು ಹೆಸರಾಗಿದ್ದ ಕೇಂದ್ರದಲ್ಲಿ ರಾಬರ್ಟ್ ವೇಗನ್ ಎಂಬಾತನು ೧೮೭೨ರಲ್ಲಿ ಕುರ್ಚಿಯ ಕಾರ್ಖಾನೆಯನ್ನು ಏರ್ಪಡಿಸಿದನು. ಸೊನ್ನೆಯಿಂದ ಏಳರವರೆಗೆ ಸಂಖ್ಯೆಯಿಟ್ಟ ಅಳತೆಗಳು, ಅಚ್ಚಾದ ಬೆಲೆಪಟ್ಟಿಗಳು, ೧೮೭೬ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಸ್ಥಾನ, ಎಲ್ಲವೂ ಲೋಕದ ಅಂಗಡಿಗಳಂತೆಯೇ ನಡೆದುವು. ಅನುಕರಣದ ಸರಕು ಹೊರಟಾಗ ಹೊನ್ನಬಣ್ಣದ ಮುದ್ರೆಯನ್ನು ಕುರ್ಚಿಗೆ ಅಂಟಿಸಿ, ಅದಿಲ್ಲದುದು ನಿಜವಾದುದಲ್ಲವೆಂದು ಪ್ರಕಟಿಸಿದರು. ಒಬ್ಬ ಸೋದರನು ತನ್ನ ಹೆಸರನ್ನು ಬರೆಯಬಾರದೆಂದ ಸಂಘವು ತನ್ನ ಹೆಸರನ್ನು ಹೊನ್ನಿನಲ್ಲಿ ಬರೆಯಿತು. ಇದನ್ನು ಕಪಟವೆನ್ನಬೇಕಾಗಿಲ್ಲ, ವ್ಯಕ್ತಿಯ ಅಹಂಕಾರವನ್ನು ಅಡಗಿಸುವ ವಿಧಿಯು ಸಮುದಾಯದ ಅಭಿಮಾನವನ್ನು ಮುಟ್ಟಲಿಲ್ಲವೆಂಬುದು ಮಾತ್ರ ಸತ್ಯ. ಕಡೆಗಾಲದಲ್ಲಿ ಈ ಉದ್ಯೋಗವು ಸೋದರಿಯರ ಕೈಗೆ ಬಂದಿತು. ೧೯೪೨ರಲ್ಲಿ ತೀರಿಕೊಂಡ ಲಿಲಿಯನ್ ಬಾರ್ಲೋ ಎಂಬಾಕೆ ಸ್ವತಃ ಕುರ್ಚಿ ಮಾಡುತ್ತಿದ್ದವಳು. ೧೯೪೭ರಲ್ಲಿ ಆ ನೆಲೆಯೇ ಮುಚ್ಚಿತು.

ಲೋಕದ ಅಭಿರುಚಿಯೂ ಒಳಗೆ ಬಾರದೆ ಇರಲಿಲ್ಲ. ೧೮೬೦ರ ಮೇಲೆ ನಿಯಮಗಳ ಬಿಗಿ ಸಡಿಲವಾಗಿ, ಮೇಯ್ನ್ ಪ್ರಾಂತದ ಆಲ್‌ಫ್ರೆಡ್ ನೆಲೆಯ ಹೆನ್ರಿ ಗ್ರೀನ್ ಮೊದಲಾದವರ ಮೇಜುಗಳಲ್ಲಿ ಆ ಕಾಲದ ಇಂಗ್ಲಿಷ್ ಮಾದರಿಯ ತಿರುವುಗಳು ಕಾಣಿಸಿಕೊಂಡುವು. ಹಳೆಯ ತಲೆಮಾರಿನ ಬಡಗಿ ಆರೆನ್ ಹ್ಯಾಸ್ಕಿನ್ಸ್ ೧೮೮೭ರಲ್ಲಿ ಇದನ್ನು ಆಕ್ಷೇಪಿಸಿ ಬರೆದನು. ಹೊರಗಿನವರಲ್ಲಿ ಬೇಕಾದಷ್ಟು ಥಳಕು ಇರುವಾಗ ಅವರು ಷೇಕರರಿಂದ ಬಯಸುವುದು ಗಟ್ಟಿಯಾದ ಸಾದಾ ಸಾಮಾನನ್ನು ಎಂಬುದು ಅವನ ವಾದ. ಈ ವಾದದಲ್ಲಿ ಸೂಕ್ಷ್ಮವಾದೊಂದು ತಿರುವಿದೆ. ಸಾದಾತನವನ್ನು ಕಾಪಾಡಬೇಕಾದುದು ದೇವರಿಗಾಗಿ ಮಾತ್ರವಲ್ಲ, ಕೊಳ್ಳುವವರು ಅದನ್ನು ಬಯಸುವುದಕ್ಕಾಗಿಯೂ ಹೌದು. ಸ್ವಭಾವವಾಗಿದ್ದುದು ಲಕ್ಷಣವಾಗತೊಡಗಿದ ಗಳಿಗೆ ಇದೇ. ನಿರಾಭರಣತೆಯು ಆಭರಣವಾಗುವ ಕಾರ್ಯವು ಸಂಗ್ರಾಹಕರಿಗಿಂತ ಮೊದಲೇ ಪಂಥದೊಳಗೆ ಆರಂಭವಾಗಿತ್ತು.

೫

ಅದನ್ನು ಪೂರ್ಣಗೊಳಿಸಿದವರು ೨೦ನೆಯ ಶತಮಾನದ ರಸಿಕರು. ಎಡ್ವರ್ಡ್ ಡೆಮಿಂಗ್ ಆಂಡ್ರೂಸ್ ಮತ್ತು ಅವರ ಪತ್ನಿ ಫೇಯ್ತ್ ಆಂಡ್ರೂಸ್ ಅಳಿಯುತ್ತಿದ್ದ ನೆಲೆಗಳಿಂದ ಸಾಮಾನುಗಳನ್ನೂ ಹಸ್ತಪ್ರತಿಗಳನ್ನೂ ಸಂಗ್ರಹಿಸಿದರು. ೧೯೩೫ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಶಾಲೆಯಲ್ಲಿ ಪ್ರದರ್ಶನ ನಡೆಯಿತು. ೧೯೩೭ರಲ್ಲಿ ಷೇಕರ್ ಪೀಠೋಪಕರಣಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಈ ದಂಪತಿಗಳ ಉಪಕಾರವು ದೊಡ್ಡದು. ಅವರು ಇಲ್ಲದಿದ್ದರೆ ಎಷ್ಟೋ ಸಾಮಗ್ರಿ ಉಳಿಯುತ್ತಿರಲಿಲ್ಲ. ಆದರೆ ಆ ಕಾಲವು ಯೂರೋಪಿನ ನವ್ಯಶಿಲ್ಪಿಗಳು ಅಲಂಕಾರವನ್ನು ತೊರೆದು ಉಪಯೋಗದಿಂದಲೇ ರೂಪವನ್ನು ಹುಟ್ಟಿಸಬೇಕೆಂದು ಸಾರುತ್ತಿದ್ದ ಕಾಲ. ಷೇಕರ್ ಕುರ್ಚಿಯಲ್ಲಿ ಅವರ ಅಭಿಮಾನಿಗಳಿಗೆ ತಮ್ಮ ಸಿದ್ಧಾಂತದ ಪೂರ್ವಜನು ಕಂಡನು. ಡೆನ್ಮಾರ್ಕಿನ ಬೋರ್ಗೆ ಮೋಗೆನ್ಸನ್ ೧೯೪೭ರಲ್ಲಿ ರಚಿಸಿದ ಜನಸಾಮಾನ್ಯರ ಕುರ್ಚಿಯು ಈ ಸಂಪರ್ಕದ ಉತ್ತಮ ಫಲ. ಪ್ರಭಾವವು ಫಲವತ್ತಾಗಿದ್ದರೂ ಅದರಿಂದ ಹುಟ್ಟಿದ ವಿಮರ್ಶೆ ಸರಿಯಾಗಿರಬೇಕೆಂಬ ನಿಯಮವಿಲ್ಲ. ೧೮೨೦ರಿಂದ ೧೮೫೦ರವರೆಗಿನ ಕೃತಿಗಳು ಮಾತ್ರ ಶುದ್ಧ, ಅನಂತರದವು ಅವನತಿಯೆಂಬ ವಿಭಾಗವು ಬೇರೂರಿತು. ಅದೇ ಬ್ರಹ್ಮಚರ್ಯ, ಅದೇ ಪ್ರಾರ್ಥನೆಗಳಲ್ಲಿ ಬಾಳಿ ದುಡಿದ ಹೆನ್ರಿ ಗ್ರೀನನು ಷೇಕರನಲ್ಲದವನಂತೆ ಬದಿಗೆ ಸರಿದನು.

ಈ ತಪ್ಪು ಕಾಗದದ ಮೇಲೆಯೇ ನಿಂತಿದ್ದರೆ ಹಾನಿಯಿರಲಿಲ್ಲ. ಷೇಕರರು ತಮ್ಮ ಸಾಮಾನುಗಳಿಗೆ ಹಳದಿ, ಕೆಂಪು, ನೀಲಿ, ಹಸಿರು ಬಣ್ಣಗಳನ್ನು ಬಳಿಯುತ್ತಿದ್ದರು. ಅವು ಮಂಕುಬಣ್ಣಗಳೂ ಆಗಿರಲಿಲ್ಲ. ಆದರೆ ಸರಳತೆಯೆಂದರೆ ಬರಿಯ ಮರದ ಹೊಳಪೆಂದು ನಂಬಿದ ಸಂಗ್ರಾಹಕರೂ ವ್ಯಾಪಾರಿಗಳೂ ಎಷ್ಟೋ ಪೆಟ್ಟಿಗೆ ಕಪಾಟುಗಳ ಮೂಲಬಣ್ಣವನ್ನು ಕೆರೆದು ತೆಗೆದರು. ವಸ್ತುವನ್ನು ಅದರ ಸ್ವಭಾವಕ್ಕೆ ಮರಳಿಸುವೆವೆಂದು ಹೊರಟವರು ಅದರ ಸ್ವಭಾವವನ್ನೇ ಸುಲಿದರು. ಪಾಠವನ್ನು ಶುದ್ಧಪಡಿಸುವ ಭರದಲ್ಲಿ ಕವಿಯ ಮಾತನ್ನು ಅಳಿಸುವ ಸಂಪಾದಕನ ದೋಷಕ್ಕೂ ಇದಕ್ಕೂ ಭೇದವಿಲ್ಲ. ಮುಂದೆ ೧೯೯೦ರ ಹರಾಜಿನಲ್ಲಿ ಪೈನ್ ಮರದ ಒಂದು ಕೆಲಸದ ಮೇಜು ೨,೨೦,೦೦೦ ಡಾಲರಿಗೆ ಹೋಯಿತು. ಸ್ವಂತ ಆಸ್ತಿಯನ್ನೇ ತೊರೆದವರ ಮೇಜು ಐಶ್ವರ್ಯದ ಗುರುತಾಯಿತು. ಸಬ್ಬತ್‌ಡೇ ಲೇಕಿನ ಸೋದರಿ ಮಿಲ್ಡ್ರೆಡ್ ಬಾರ್ಕರ್ ೧೯೯೦ರಲ್ಲಿ ತೀರಿಕೊಂಡರು. ಮುಂದಿನವರು ತನ್ನನ್ನು ಒಂದು ಕುರ್ಚಿಯೆಂದೋ ಮೇಜೆಂದೋ ನೆನೆಯುವರೇನೋ ಎಂದು ಆಕೆ ವಿಷಾದದ ನಗೆಯಿಂದ ನುಡಿದುದುಂಟು. ಪಂಥದ ಹಾಡುಗಳನ್ನು ಬಾಯಿಪಾಠವಾಗಿ ಕಾಪಾಡಿಕೊಂಡು ಬಂದ ಹಿರಿಯ ಹೆಂಗಸಿನ ಈ ಮಾತು ಇಡೀ ವಿಮರ್ಶಾಪರಂಪರೆಗೆ ಕೊಟ್ಟ ಉತ್ತರವಾಗಿದೆ.

ಇದಕ್ಕೆ ಪ್ರತಿಯಾಗಿ ಎಲ್ಲವನ್ನೂ ಶ್ರದ್ಧೆಯಿಂದಲೇ ವಿವರಿಸುವ ಪಕ್ಷವೂ ಒಂದಿದೆ. ೧೯೬೬ರಲ್ಲಿ ಬಂದ ಆಂಡ್ರೂಸ್ ದಂಪತಿಗಳ ಇನ್ನೊಂದು ಗ್ರಂಥಕ್ಕೆ ಮುನ್ನುಡಿ ಬರೆದ ತಾಮಸ್ ಮರ್ಟನ್ ಎಂಬ ಕ್ರೈಸ್ತ ಸಂನ್ಯಾಸಿ ಕುರ್ಚಿಯ ಸೊಬಗಿಗೆ ಕಾರಣವನ್ನು ಮಾಡಿದವನ ನಂಬಿಕೆಯಲ್ಲಿ ಕಂಡನು. ಈ ಪಕ್ಷವು ಮಾಡಿದವರನ್ನು ಮರೆಯುವುದಿಲ್ಲವಾದುದರಿಂದ ಮೊದಲಿನದಕ್ಕಿಂತ ಮೇಲು. ಆದರೂ ಶ್ರದ್ಧೆಯೊಂದೇ ಸೊಬಗನ್ನು ಕೊಡುವುದಾಗಿದ್ದರೆ ಭಕ್ತರು ಮಾಡಿದ ಎಲ್ಲ ಕುರ್ಚಿಗಳೂ ಸುಂದರವಾಗಿರಬೇಕಾಗಿತ್ತು. ಶ್ರದ್ಧೆಯು ಅವಸರವನ್ನು ತಪ್ಪಿಸಿತು, ವಿಧಿಯು ಥಳಕನ್ನು ತಡೆಯಿತು. ಬೆರಳೆಷ್ಟು ಉದ್ದವಿರಬೇಕು, ಮೊಗ್ಗೆಷ್ಟು ತೆಳುವಾಗಬೇಕು ಎಂಬುದನ್ನು ನಿರ್ಣಯಿಸಿದುದು ಮಾತ್ರ ವರ್ಷಗಟ್ಟಲೆ ಮರದೊಡನೆ ಬಾಳಿದ ಕೈ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಷೇಕರ್ ಸಾಮಾನಿನ ಸಾದಾತನವು ಮಾಡಿದವನ ಪಾಲಿಗೆ ಅಲಂಕಾರವಾಗಿರಲಿಲ್ಲ. ಅದು ಅವನ ಬಾಳಿನ ಶರೀರ. ಈ ಅಂಶದಲ್ಲಿ ಕುಂತಕನ ಪಕ್ಷವೇ ಬಲವಾದುದು. ಆದರೆ ಅದೇ ಸಾದಾತನವು ಆ ಬಾಳಿನಿಂದ ಬೇರ್ಪಟ್ಟು ವಸ್ತುಶಾಲೆಯಲ್ಲಿ ನಿಂತಾಗ ಅಲಂಕಾರವಾಗಿಯೇ ಕಾಣುವುದು. ಅಲ್ಲಿ ದಂಡಿಯ ಎಣಿಕೆಯೂ ನಿಜವಾಗುವುದು. ದೋಷವಿರುವುದು ಎರಡನ್ನೂ ಒಂದೇ ಎಂದು ತಿಳಿಯುವುದರಲ್ಲಿ. ಸಾಹಿತ್ಯದಲ್ಲಿಯೂ ‘ಸರಳವಾದ ಶೈಲಿ’ ಎಂದು ಹೊಗಳಿ ಮುಂದೆ ಸಾಗುವ ವಿಮರ್ಶೆಯು ಇದೇ ಜಾಡಿನದು. ಸರಳವಾದುದನ್ನು ಕಂಡಾಗ ಏನನ್ನು ಬಿಡಲಾಯಿತು, ಯಾವ ವಿಧಿಯಿಂದ ಬಿಡಲಾಯಿತು, ವಿಧಿಯನ್ನು ಮೀರಿ ಯಾವುದು ಉಳಿಯಿತು ಎಂಬ ಮೂರನ್ನೂ ವಿಚಾರಿಸಬೇಕು. ಹಾಗೆ ವಿಚಾರಿಸಿದಾಗ ಖಾನೆಯೊಳಗೆ ಬರೆದಿಟ್ಟ ಆ ಗುರುವಾರದ ಹಿಮವೂ ಕಂಬದ ತುದಿಯ ಮೊಗ್ಗೂ ಕೆರೆದುಹೋದ ಹಳದಿಯೂ ವಿಮರ್ಶೆಯ ವಿಷಯಗಳಾಗುವುವು. ಕುರ್ಚಿಯ ಹೊಗಳಿಕೆಯಲ್ಲಿ ಅದನ್ನು ಮಾಡಿದವರಿಗೂ ಸಲ್ಲತಕ್ಕ ಪಾಲು ಸಲ್ಲುವುದು.